ದಿನಕ್ಕೊಂದು ಅಡಿ

1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆಂದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ ಹಿಡಿದ ಜಾಗ 332 ಎಕರೆ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್. ಗುಣಿಸಿ ನೋಡಿ: ಆ ತುಂಡು ನೆಲದ ಮೇಲಷ್ಟೇ ವರ್ಷಕ್ಕೆ 130 ಕೋಟಿ ಲೀಟರ್! 12,000 ಲೀಟರಿನ ಟ್ಯಾಂಕರುಗಳಿಗೆ ತುಂಬಿಸಿದರೆ ಲಕ್ಷಕ್ಕೂ ಮಿಕ್ಕಿ ಲೋಡು. ಟ್ಯಾಂಕರೊಂದಕ್ಕೆ ಏಳು ಮೀಟರ್ ಹಿಡಿದು ಸಾಲಾಗಿ ನಿಲ್ಲಿಸಿದರೆ ಬಾಲ ದೊಡ್ಡತೋಗೂರಿನಲ್ಲಿ, ತಲೆ ಬೀದರ್ ದಾಟಿ. (ಹೊಸೂರು ರಸ್ತೆಯವರಿಗೆ ಇದೇನು ಹೊಸ ದೃಶ್ಯವಲ್ಲ.)

ಇನ್ನು ನಗರದ 700 ಚದರ ಕಿಲೋಮೀಟರ್ ಲೆಕ್ಕಕ್ಕೆ ತಗೊಳ್ಳಿ. ಕೆಆರ್‌ಎಸ್ ಅರ್ಧ ತುಂಬುವಷ್ಟು ನೀರು! ಟ್ಯಾಂಕರ್ ಸಾಲು ಈಗ ಭೂಮಿಯನ್ನು ಹತ್ತು ಸುತ್ತು ಬಳಸುತ್ತದೆ. ಆಕಾಶಕ್ಕೆ ತಿರುಗಿಸಿದರೆ ಚಂದ್ರನೇ ಸಿಗುತ್ತಾನೆ.

ಮೇಲೆ ಬಿದ್ದ ನೀರಿಗೆ ಅವಸರ. ನೆಲಕ್ಕಿಳಿದದ್ದಕ್ಕೆ ಅದರ ಸುಳಿವೇ ಇಲ್ಲ. ಅರ್ಕಾವತಿ, ವೈಟ್‌ಫೀಲ್ಡ್ ಆಚೆ ಹರಿಯುವ ದಕ್ಷಿಣ ಪಿನಾಕಿನಿ, ಎರಡೂ ಹುಟ್ಟುವುದು ನಂದಿಬೆಟ್ಟದ ಸೀಮೆಯಲ್ಲಿ. ಮಳೆ ನಿಂತ ಮೇಲೂ ಇಂಥ ಹೊಳೆಗಳನ್ನು ಹರಿಸುತ್ತಿದ್ದದ್ದು ಗುಡ್ಡದ ಒಡಲಿನಿಂದ ಹಳ್ಳಕ್ಕೆ ಜಿನುಗುವ ನೀರು. ಅದರ ವೇಗವೆಷ್ಟು? ದಿನಕ್ಕೊಂದು ಅಡಿ ಎಂದರೆ ಅಂತರ್ಜಲದ ಲೆಕ್ಕದಲ್ಲಿ ಓಟ! ಬಸವನಹುಳು ಅಷ್ಟನ್ನು ಐದು ನಿಮಿಷದಲ್ಲಿ ಮುಗಿಸುತ್ತದೆ.

ನಂದಿಯಿಂದ ವೈಟ್‌ಫೀಲ್ಡಿಗೆ ನೇರ ದೂರ ಸುಮಾರು 45 ಕಿಲೋಮೀಟರ್. ಈ 'ಓಟ'ದಲ್ಲೇ 400 ವರ್ಷ ಬೇಕು. 1638ರಲ್ಲಿ ಶಹಾಜಿ ಬೆಂಗಳೂರಿಗೆ ಬರುವ ಮೊದಲೇ ಹೊರಟ ಹನಿ ಈಗ ಬಂದು ಮುಟ್ಟೀತು. ನಿಜಕ್ಕೆ ಅಷ್ಟು ದೂರ ಹೋಗುವ ಮುನ್ನವೇ ಬಹುಪಾಲು ನೀರು ಯಾವುದೋ ಹಳ್ಳ ಸೇರಿರುತ್ತದೆ, ಅದು ಬೇರೆ ಮಾತು. ನಿಧಾನದ ನೀರು ವರ್ಷಕ್ಕೊಂದು ಅಡಿ ಸರಿಯುತ್ತದೆ: ಆಗ ಒಂದೂವರೆ ಲಕ್ಷ ವರ್ಷದ ಪಯಣ. ದಶಕಕ್ಕೊಂದು ಅಡಿಯ ಸೋಮಾರಿ ನೀರೂ ಉಂಟು! ಅದಕ್ಕೆ ಹದಿನೈದು ಲಕ್ಷ ವರ್ಷ. ಅದು ಹೊರಟಾಗ ನಮ್ಮ ಮನುಷ್ಯ ಜಾತಿಯೇ ಹುಟ್ಟಿರಲಿಲ್ಲ.

ನಾವೋ 1,500 ಅಡಿ ಬೋರ್ ಕೊರೆಸುತ್ತೇವೆ. ಶ್ರವಣಬೆಳಗೊಳದ ಗೊಮ್ಮಟನಂಥವರು 26 ಮಂದಿ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮುಳುಗುವ ಆಳ. ಕೊರೆಯುವ ಬಂಡೆಗೆ ಸುಮಾರು 300 ಕೋಟಿ ವರ್ಷ; ಡೈನೋಸಾರ್‌ಗಳು ಅಳಿದು ಬರೀ 6.6 ಕೋಟಿ.

ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ಎರಡು ಕಿಲೋಮೀಟರ್ ಆಳದವರೆಗಿನ ಅಂತರ್ಜಲವನ್ನೆಲ್ಲ ನೆಲದ ಮೇಲೆ ಹರಡಿದರೆ 180 ಮೀಟರ್ ನಿಲ್ಲುತ್ತದೆಂದು 2015ರ ಅಂದಾಜು. ಹೆಚ್ಚುಕಡಿಮೆ ನಾಲ್ಕು ವಿಧಾನಸೌಧದೆತ್ತರ! ಅದರಲ್ಲಿ ಕಳೆದ 50 ವರ್ಷದಲ್ಲಿ ಇಳಿದ ನೀರು ಮೂರೇ ಮೀಟರ್.