ಸವಾರನನ್ನು ಕೆಡವುವ ಕುದುರೆಯ ತಕರಾರು

ಬೆಂಗಳೂರು, ಮೈಸೂರಿನ ರೇಸ್ ಕೋರ್ಸುಗಳಲ್ಲಿ ಓಡಿ ಮುಗಿಸಿದ ಥರೋಬ್ರೆಡ್ ಕುದುರೆಗಳಲ್ಲಿ ಹಲವು ಸವಾರಿ ಶಾಲೆಗಳ ಲಾಯ ಸೇರುತ್ತವೆ. ಆಗ ಅವುಗಳ ವಯಸ್ಸು ನಾಲ್ಕೋ ಐದೋ ಆರೋ ಇರಬಹುದು. ಮುಂದೆ ಇನ್ನೂ ಹದಿನೈದು, ಇಪ್ಪತ್ತು ವರ್ಷದ ಆಯುಸ್ಸಿದೆ. ಅಂಥವುಗಳಲ್ಲಿ ಕೆಲವಕ್ಕೆ ಬಂದ ಹೊಸದರಲ್ಲೇ ಕೆಟ್ಟ ಹೆಸರು ಅಂಟಿಕೊಳ್ಳುತ್ತದೆ. ತಲೆ ತಗ್ಗಿಸಿ, ಬೆನ್ನು ಕಮಾನಾಗಿಸಿ, ಹಿಂಗಾಲು ಝಾಡಿಸಿ ಸವಾರನನ್ನು ನೆಲಕ್ಕೆ ಎಸೆಯುತ್ತವೆ. ಸವಾರರ ಮಾತಿನಲ್ಲಿ ಅದು ಬಕ್ ಮಾಡುವ ಕುದುರೆ. ‘ಸೊಕ್ಕು ಜಾಸ್ತಿಯಾಗಿದೆ, ನಾಲ್ಕು ಬಿಗಿದರೆ ಸರಿಹೋಗುತ್ತೆ’ ಎಂಬ ಸಲಹೆಯೂ ಕೂಡಲೇ ಬರುತ್ತದೆ. ಆ ಸಲಹೆ ಕುದುರೆಗೂ ಅನ್ಯಾಯ, ಸವಾರನಿಗೂ ಅಪಾಯ.

ಕುದುರೆ ಬೇಟೆಗೆ ತುತ್ತಾಗುವ ಪ್ರಾಣಿ. ಅದರ ಪೂರ್ವಜರ ಬೆನ್ನ ಮೇಲೆ ಎಗರುತ್ತಿದ್ದದ್ದು ಸಿಂಹ, ಹುಲಿಗಳಂಥ ಪ್ರಾಣಿಗಳು. ಬೆನ್ನ ಮೇಲೆ ಬಿದ್ದದ್ದನ್ನು ಕೊಡವಿ ಉರುಳಿಸುವುದು ಯಾರೂ ಕಲಿಸದೆ ಬರುವ ಪ್ರಾಣರಕ್ಷಣೆಯ ವಿದ್ಯೆ. ಹಾಗಿದ್ದೂ ಮನುಷ್ಯ ಹತ್ತಿ ಕೂರಲು ಅದು ಒಪ್ಪುತ್ತದೆಂದರೆ ಅದು ತರಬೇತಿಯ ಫಲ. ಆ ಒಪ್ಪಿಗೆ ಮುರಿದಾಗ ಮೊದಲು ಹುಡುಕಬೇಕಾದದ್ದು ನೋವನ್ನು.

ಹೊಟ್ಟೆಯಿಂದ ಶುರುಮಾಡೋಣ. ನಮ್ಮ ಹೊಟ್ಟೆಯಲ್ಲಿ ಊಟದ ಹೊತ್ತಿಗೆ ಆಮ್ಲ ಹೆಚ್ಚುತ್ತದೆ. ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ದಿನದ ಬಹುಪಾಲು ಮೇಯುವ ಪ್ರಾಣಿಗೆ ಅದು ತಕ್ಕ ಏರ್ಪಾಡು. ಅಗಿಯುವಾಗ ಸುರಿಯುವ ಜೊಲ್ಲು ಆಮ್ಲದ ಕಾವು ತಗ್ಗಿಸುತ್ತದೆ, ಹುಲ್ಲಿನ ದಪ್ಪ ಪದರ ಆಮ್ಲವನ್ನು ಕೆಳಗೇ ತಡೆಯುತ್ತದೆ. ಲಾಯದಲ್ಲಿ ಕಟ್ಟಿ ಧಾನ್ಯ ಹೆಚ್ಚು, ಹುಲ್ಲು ಕಡಿಮೆ ಕೊಟ್ಟು ಬರಿಹೊಟ್ಟೆಯಲ್ಲಿ ಓಡಿಸಿದರೆ ಆಮ್ಲ ಹೊಟ್ಟೆಯ ಮೇಲ್ಭಾಗಕ್ಕೆ ಸಿಡಿಯುತ್ತದೆ. ಅಲ್ಲಿ ಲೋಳೆಯ ರಕ್ಷಣೆಯಿಲ್ಲ, ಹುಣ್ಣಾಗುತ್ತದೆ. ರೇಸ್ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣಿರುತ್ತದೆ. ಹೊಟ್ಟೆಯಡಿಯ ಪಟ್ಟಿ ಬಿಗಿಯಲು ಹೋದಾಗ ಕುದುರೆ ಕಚ್ಚಲು ತಿರುಗಿದರೆ ಅದನ್ನು ದುರ್ಬುದ್ಧಿ ಎಂದು ಬೈಯುವ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಸುಮಾರು ಮೂರು ಮೀಟರ್ ಉದ್ದದ ಎಂಡೋಸ್ಕೋಪಿನಿಂದ ಹುಣ್ಣನ್ನು ಕಣ್ಣಾರೆ ನೋಡಬಹುದು. ಆಸಿಡಿಟಿಗೆ ನಾವು ನುಂಗುವ ಒಮೆಪ್ರಜೋಲ್ ಔಷಧವೇ ಅದಕ್ಕೂ ಮದ್ದು. ಜೊತೆಗೆ ಹುಲ್ಲು ಸದಾ ಬಾಯಿಗೆ ಸಿಗುವಂತಿರಬೇಕು.

ಆಮೇಲೆ ಬೆನ್ನು. ಪಕ್ಕೆಲುಬು ಅಂಟಿದ 18 ಕಶೇರುಗಳ ಸಾಲಿನ ಹಿಂಭಾಗದ ಮೇಲೆಯೇ ಜೀನು ಕೂರುವುದು. ಕೆಲವು ಕುದುರೆಗಳಲ್ಲಿ ಈ ಕಶೇರುಗಳ ಮೇಲ್ಮುಖದ ಚಾಚುಗಳು ಒಂದಕ್ಕೊಂದು ತಾಗಿ ಉಜ್ಜುತ್ತವೆ. ಸವಾರನ ಭಾರ ಬಿದ್ದರೆ ಇನ್ನೂ ಹತ್ತಿರವಾಗುತ್ತವೆ. ಎಕ್ಸ್‌ರೇಯಲ್ಲಿ ಹೀಗೆ ಕಂಡ ಕುದುರೆಗಳೆಲ್ಲ ನರಳುತ್ತವೆ ಎಂದೇನಿಲ್ಲ. ಆದ್ದರಿಂದ ಕೈಯಿಂದ ಮುಟ್ಟಿ ನೋಡುವುದೂ ಅಷ್ಟೇ ಮುಖ್ಯ. ಬೆನ್ನುಮೂಳೆಯ ಪಕ್ಕದಲ್ಲಿ ಬೆರಳುಗಳನ್ನಿಟ್ಟು, ಹೆಗಲಿನ ಹಿಂದಿನಿಂದ ಸೊಂಟದವರೆಗೆ ಒಂದೇ ಸಮನೆ ಮೆಲ್ಲಗೆ ಒತ್ತುತ್ತ ಹೋಗಬೇಕು. ಗಟ್ಟಿಮುಟ್ಟಾದ ಬೆನ್ನು ತುಸು ಮಣಿದು ಮತ್ತೆ ಏಳುತ್ತದೆ. ನೋವಿನ ಜಾಗ ಬಂತೆಂದರೆ ಸ್ನಾಯು ಹಲಗೆಯಂತೆ ಬಿಗಿಯುತ್ತದೆ, ಇಲ್ಲವೇ ಬೆನ್ನು ಸರ್ರನೆ ಕೆಳಗೆ ತಗ್ಗುತ್ತದೆ. ಕಿವಿ ಹಿಂದಕ್ಕೆ ಹೊರಳುತ್ತದೆ, ಬಾಲ ಬೀಸುತ್ತದೆ. ರೇಸ್ ಬಿಟ್ಟ ಕುದುರೆಯ ಮೈಕಟ್ಟು ತಿಂಗಳುಗಳಲ್ಲೇ ಬದಲಾಗುವುದರಿಂದ ಹೋದ ವರ್ಷ ಸರಿಹೊಂದಿದ ಜೀನು ಈ ವರ್ಷ ಒತ್ತಬಹುದು. ಹಲ್ಲು, ಗೊರಸು, ಹಿಂಗಾಲುಗಳನ್ನೂ ಪರೀಕ್ಷಿಸಬೇಕು.

ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿಯ ವೇಳೆ ಕುದುರೆ ತೋರುವ 24 ವರ್ತನೆಗಳನ್ನು ಪಟ್ಟಿಮಾಡಿದ್ದಾರೆ. ಕಿವಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಹಿಂದಕ್ಕೆ ಒರಗಿರುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು, ಶೂನ್ಯದತ್ತ ನೆಟ್ಟ ನೋಟ, ಮುಂದೆ ಹೋಗಲು ಹಿಂಜರಿಕೆ, ಇಂಥವು. ಬಕ್ ಮಾಡುವುದೂ ಆ ಪಟ್ಟಿಯಲ್ಲಿದೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಸ್ನಾಯು, ಮೂಳೆಗಳಲ್ಲಿ ನೋವಿರುವ ಸಾಧ್ಯತೆ ದೊಡ್ಡದು. ಅವರ ಅಧ್ಯಯನಗಳಲ್ಲಿ ನೋವಿನ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮತ್ತೆ ಸವಾರಿ ಮಾಡಿದಾಗ ಈ ವರ್ತನೆಗಳು ಅಲ್ಲೇ ಕಡಿಮೆಯಾದವು. ‘ಸ್ವಭಾವ’ ಎಂದು ಜನ ಕರೆಯುತ್ತಿದ್ದದ್ದು ಎಷ್ಟೋ ಸಲ ನೋವೇ ಆಗಿತ್ತು.

ಆದರೆ ನೋವು ಹೋದ ಮಾತ್ರಕ್ಕೆ ಬಕ್ ಯಾವಾಗಲೂ ನಿಲ್ಲುವುದಿಲ್ಲ, ಏಕೆಂದರೆ ಕುದುರೆ ಅಷ್ಟರಲ್ಲಿ ಒಂದು ಪಾಠ ಕಲಿತಿರುತ್ತದೆ. ಅದರ ತರಬೇತಿಯೆಲ್ಲ ನಿಂತಿರುವುದು ಒತ್ತಡ ಮತ್ತು ಬಿಡುವಿನ ಮೇಲೆ: ಲಗಾಮು ಎಳೆದಾಗ ನಿಂತರೆ ಎಳೆತ ಸಡಿಲ, ಕಾಲಿನಿಂದ ಒತ್ತಿದಾಗ ನಡೆದರೆ ಒತ್ತು ಮಾಯ. ಬಿಡುವು ಸಿಕ್ಕ ಕ್ಷಣದಲ್ಲಿ ತಾನು ಏನು ಮಾಡುತ್ತಿತ್ತೋ ಅದನ್ನು ಕುದುರೆ ನೆನಪಿಡುತ್ತದೆ. ಸವಾರ ಬಿದ್ದಾಗ ಭಾರ, ನೋವು, ಗೊಂದಲ ಎಲ್ಲವೂ ಒಟ್ಟಿಗೇ ಇಳಿದುಹೋಗುತ್ತವೆ. ಇದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ? ಅದಕ್ಕೂ ಮೊದಲು ಕಿವಿ, ಬಾಲ, ಬಿಗಿದ ಬೆನ್ನುಗಳಿಂದ ಅದು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಮರುತರಬೇತಿ ಎಂದರೆ ಈ ಲೆಕ್ಕವನ್ನು ತಿರುಗಿಸುವುದು: ಸಣ್ಣ ಸೂಚನೆಗೇ ಉತ್ತರ ಸಿಗುತ್ತದೆ, ಹಿಂಗಾಲು ಎಸೆಯುವ ಅಗತ್ಯವಿಲ್ಲ ಎಂದು ಅದಕ್ಕೆ ಮನವರಿಕೆಯಾಗಬೇಕು.

ಕೆಲಸ ಶುರುವಾಗುವುದು ನೆಲದ ಮೇಲೆ, ಬರೀ ಹಗ್ಗ ಹಿಡಿದು. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ, ತಲೆ ಕೆಳಗೆ. ಪ್ರತಿ ಸರಿಯುತ್ತರಕ್ಕೂ ತಕ್ಷಣ ಸಡಿಲ. ಬಳಿಕ ಬೆನ್ನಿಗೆ ಬಟ್ಟೆ, ಅದರ ಮೇಲೆ ಜೀನು. ಹೊಟ್ಟೆಪಟ್ಟಿಯನ್ನು ಒಂದೇ ಸಲ ಬಿಗಿಯದೆ ಒಂದು ತೂತಿಗೆ ಏರಿಸಿ ನಿಲ್ಲಿಸಿ, ಉಸಿರು ಹದಕ್ಕೆ ಬಂದ ಮೇಲೆ ಇನ್ನೊಂದು. ಆಮೇಲೆ ಸವಾರ ಹೊಟ್ಟೆಯನ್ನು ಜೀನಿಗೆ ಆನಿಸಿ ಅರ್ಧ ಭಾರ ಹಾಕಿ ಇಳಿಯುತ್ತಾನೆ. ಕುದುರೆ ಬಿಗಿದುಕೊಂಡರೆ ಮುಂದೆ ಹೋಗದೆ ಹಿಂದಿನ ಹೆಜ್ಜೆಗೆ ಮರಳಬೇಕು. ರೇಸಿನ ಕುದುರೆಗೆ ಈ ಬಗೆಯ ಸವಾರಿ ಹೊಸದು: ಗಿಡ್ಡ ರಿಕಾಪಿನ ಮೇಲೆ ಎದ್ದು ನಿಂತು, ಬೆನ್ನ ಮೇಲೆ ಕೂರದ ಹಗುರ ಜಾಕಿಯನ್ನಷ್ಟೇ ಅದು ಬಲ್ಲದು. ಬೆನ್ನ ಮೇಲೆ ಊರಿ ಕುಳಿತು ಹೊಟ್ಟೆಗೆ ಕಾಲು ತಾಗಿಸುವ ಮನುಷ್ಯನನ್ನು ಅದು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆಗಳಿಗೂ ಅಶ್ವದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದನ್ನು ಮತ್ತೆ ಮತ್ತೆ ಕೇಳಿಸಿ ರೂಢಿ ಮಾಡಿಸುವುದೂ ಮೆಲ್ಲಮೆಲ್ಲನೆ ಪರಿಚಯಿಸುವ ಇದೇ ತತ್ತ್ವದ ಮೇಲೆಯೇ.

ಹಳೆಯ ಇನ್ನೊಂದು ದಾರಿಯಿದೆ: ಕಟ್ಟಿಹಾಕಿ, ಸುಸ್ತಾಗಿ ಸೋಲುವವರೆಗೆ ಕುಣಿಯಲು ಬಿಡುವುದು. ಕೊನೆಗೆ ಕುದುರೆ ಸುಮ್ಮನಾಗುತ್ತದೆ, ನೋಡಿದವರು ಪಳಗಿತು ಎನ್ನುತ್ತಾರೆ. ಏನು ಮಾಡಿದರೂ ಉಪಯೋಗವಿಲ್ಲವೆಂದು ಕೈಚೆಲ್ಲಿದ ಸ್ಥಿತಿಯನ್ನು ಮನೋವಿಜ್ಞಾನಿಗಳು ಕಲಿತ ಅಸಹಾಯಕತೆ ಎನ್ನುತ್ತಾರೆ. ಇಂಥ ಕುದುರೆಯ ಭಯ ಹೋಗಿರುವುದಿಲ್ಲ. ಹೇಳುವುದನ್ನಷ್ಟೇ ಅದು ಬಿಟ್ಟಿರುತ್ತದೆ. ಮುನ್ಸೂಚನೆಯಿಲ್ಲದೆ ಸಿಡಿಯುವ ಕುದುರೆಗಳು ಹೀಗೂ ತಯಾರಾಗುತ್ತವೆ.

ಪ್ರೀತಿಯಿಂದ ನಡೆಸಿಕೊಂಡರೆ ಆಗುವ ಲಾಭವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಹೆಗಲ ಹತ್ತಿರ, ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಜಾಗದಲ್ಲಿ ಕೆರೆದರೆ ಹೃದಯದ ಬಡಿತ ಇಳಿಯುತ್ತದೆ ಎಂದು ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲಿನ ಅಧ್ಯಯನ 1993ರಲ್ಲೇ ತೋರಿಸಿತು. ಕುತ್ತಿಗೆ ತಟ್ಟಿ ಶಭಾಷ್ ಎನ್ನುವ ಬದಲು ಅಲ್ಲಿ ಕೆರೆಯುವುದು ಮೇಲು. ಸಸೆಕ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಕುದುರೆಗಳಿಗೆ ಒಬ್ಬೊಬ್ಬರ ಫೋಟೋ ತೋರಿಸಿದರು. ಕೆಲವಕ್ಕೆ ನಗುಮುಖ, ಕೆಲವಕ್ಕೆ ಸಿಟ್ಟಿನ ಮುಖ. ಕೆಲವು ಗಂಟೆ ಕಳೆದು ಅದೇ ವ್ಯಕ್ತಿ ನಿರ್ಭಾವದಿಂದ ಎದುರು ನಿಂತಾಗ, ಸಿಟ್ಟಿನ ಮುಖ ಕಂಡಿದ್ದ ಕುದುರೆಗಳು ಅವರನ್ನು ಎಡಗಣ್ಣಿನಿಂದ ಹೆಚ್ಚು ಹೊತ್ತು ನೋಡಿದವು. ಅಪಾಯವೆನಿಸಿದ್ದನ್ನು ಹಲವು ಪ್ರಾಣಿಗಳು ನೋಡುವ ರೀತಿ ಅದು. ಫೋಟೋದಲ್ಲಿ ಕಂಡ ಸಿಟ್ಟೇ ನೆನಪಿರುವಾಗ ಬೆನ್ನ ಮೇಲೆ ಬಿದ್ದ ಚಾವಟಿ ಮರೆತುಹೋದೀತೇ?

ಹೀಗೆ ಸರಿಹೋದ ಕುದುರೆಯನ್ನು ಬೇರೆ ಸವಾರನ ಕೈಗೆ ಕೊಡುವಾಗ ಮತ್ತೆ ನಡಿಗೆಯಿಂದಲೇ ಶುರುಮಾಡಬೇಕು. ಒಬ್ಬರಿಂದ ಕಲಿತದ್ದನ್ನು ಇನ್ನೊಬ್ಬರೊಂದಿಗೆ ತಾನಾಗಿ ಅನ್ವಯಿಸಿಕೊಳ್ಳುವುದರಲ್ಲಿ ಕುದುರೆ ನಿಧಾನ. ಬೆನ್ನು ತೀರಾ ಕೆಟ್ಟಿದ್ದರೆ ಸವಾರಿಯನ್ನೇ ಬಿಟ್ಟು ಹುಲ್ಲುಗಾವಲಿಗೆ ಬಿಡುವುದು ನ್ಯಾಯ. ಮಾರುವುದೇ ಆದರೆ ಅದು ಬಕ್ ಮಾಡಿದ್ದನ್ನು, ವೈದ್ಯರು ಕಂಡದ್ದನ್ನು ಕೊಳ್ಳುವವರಿಗೆ ಬಿಚ್ಚಿ ಹೇಳಬೇಕು. ಮುಚ್ಚಿಟ್ಟರೆ ಮುಂದಿನ ಲಾಯದಲ್ಲೂ ಅದಕ್ಕೆ ಕಾದಿರುವುದು ಅದೇ ಬಿಗಿ ಪಟ್ಟಿ, ಅದೇ ಚಾವಟಿ.