ಮೃಗಾಲಯದಲ್ಲಿ ಧ್ವನಿಮಾರ್ಗದರ್ಶಿ: ಅದರ ಇತಿಹಾಸವೂ ಉಪಯೋಗಕ್ರಮವೂ

ಪೀಠಿಕೆ

ವಿದ್ವಾಂಸನನ್ನು ‘ಬಹುಶ್ರುತ’ನೆಂದು ಕರೆಯುವ ವಾಡಿಕೆ ನಮ್ಮಲ್ಲಿದೆ. ಬಹಳವಾಗಿ ಕೇಳಿದವನು ಎಂಬುದು ಆ ಶಬ್ದದ ಅರ್ಥವೇ ಹೊರತು ಬಹಳವಾಗಿ ಓದಿದವನು ಎಂದಲ್ಲ. ಪುರಾಣಶ್ರವಣ, ಗಮಕ, ಹರಿಕಥೆ ಮೊದಲಾದವುಗಳ ಮೂಲಕ ಅಕ್ಷರವನ್ನರಿಯದವರೂ ಜ್ಞಾನವನ್ನು ಪಡೆಯುತ್ತಿದ್ದ ನಾಡಿನಲ್ಲಿ ಕಿವಿಯು ಕಣ್ಣಿಗಿಂತ ಕಡಮೆಯಾದ ಇಂದ್ರಿಯವೆಂದು ಯಾರೂ ಭಾವಿಸಿರಲಿಲ್ಲ. ಆದರೆ ಇಂದಿನ ವಸ್ತುಸಂಗ್ರಹಾಲಯ, ಮೃಗಾಲಯಗಳಲ್ಲಿ ತಿಳಿವಳಿಕೆಯ ಭಾರವೆಲ್ಲವೂ ಬರಹದ ಫಲಕಗಳ ಮೇಲೆಯೇ ಬಿದ್ದಿರುವುದು ಕಾಣಬರುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿ ಹುಟ್ಟಿದ ಸಾಧನಗಳಲ್ಲಿ ಧ್ವನಿಮಾರ್ಗದರ್ಶಿಯೂ ಒಂದು.

ಧ್ವನಿಮಾರ್ಗದರ್ಶಿಯೆಂದರೆ, ಸಂದರ್ಶಕನು ಜೊತೆಗೆ ಮನುಷ್ಯನೊಬ್ಬನನ್ನು ಕರೆದುಕೊಳ್ಳದೆ, ಮುದ್ರಿತವಾದ ವಿವರಣೆಯನ್ನು ಕಿವಿಯಲ್ಲಿ ಕೇಳುತ್ತ, ತನ್ನ ವೇಗದಲ್ಲಿಯೇ ಸ್ಥಳವನ್ನು ನೋಡುವ ಏರ್ಪಾಡು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರ ಕೇಳುವವನದೇ ಆಗಿರುತ್ತದೆ. ಇದನ್ನು ದೊಡ್ಡ ಮೃಗಾಲಯವೊಂದರಲ್ಲಿ ಹೇಗೆ ಉಪಯೋಗಿಸಬೇಕೆಂಬುದನ್ನೂ, ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಸಾಧನದ ಇತಿಹಾಸ

ಲಂಡನ್ನಿನ ಮೃಗಾಲಯವು 1828ರಲ್ಲಿ ವಿದ್ವತ್ಸಂಘದ ಸದಸ್ಯರಿಗಾಗಿ ತೆರೆದು, 1847ರಲ್ಲಿ ಸಾರ್ವಜನಿಕರಿಗೆ ಪ್ರವೇಶವನ್ನು ಕೊಟ್ಟಿತು. ಸದಸ್ಯರಿಗೆ ಬೇಕಾದ ವಿವರಣೆ ಒಂದು ಬಗೆಯದು. ಸಂಸಾರಸಮೇತವಾಗಿ ಬರುವ ಜನಸಾಮಾನ್ಯರಿಗೆ ಬೇಕಾದುದು ಇನ್ನೊಂದು ಬಗೆಯದು. ಮುದ್ರಿತ ಕೈಪಿಡಿಯೂ ಪಂಜರದ ಮುಂದಣ ಫಲಕವೂ ಈ ಎರಡನೆಯ ಅಗತ್ಯವನ್ನು ಬಹುಕಾಲ ಪೂರೈಸಿದುವು.

ಯಂತ್ರದ ಧ್ವನಿಯು ಈ ಕೆಲಸಕ್ಕೆ ಬಂದುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. 1952ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಟೆಡೆಲಿಕ್ ಸಂಗ್ರಹಾಲಯದಲ್ಲಿ ಉಪನ್ಯಾಸವನ್ನು ರೇಡಿಯೋ ಅಲೆಗಳ ಮೂಲಕ ಕೋಣೆಯೊಳಗೆ ಪ್ರಸಾರಮಾಡಿ, ಸಂದರ್ಶಕರು ಕೈಯಲ್ಲಿ ಹಿಡಿದ ಗ್ರಾಹಕಯಂತ್ರದಿಂದ ಕೇಳುವಂತೆ ಏರ್ಪಡಿಸಿದ್ದರು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತನ್ನು ಕೇಳುತ್ತಿದ್ದುದರಿಂದ ಗುಂಪೆಲ್ಲವೂ ಒಟ್ಟಾಗಿಯೇ ಹೆಜ್ಜೆಯಿಡಬೇಕಾಗುತ್ತಿತ್ತು. ಅದೇ ದಶಕದಲ್ಲಿ ಅಮೆರಿಕದ ಓಕ್‌ಲೆಂಡ್ ನಗರದ ಮಕ್ಕಳ ಉದ್ಯಾನವೊಂದರಲ್ಲಿ ಬ್ರೂಸ್ ಸೆಡ್ಲಿ ಎಂಬಾತನು ಕಲ್ಪಿಸಿದ ಮಾತನಾಡುವ ಪೆಟ್ಟಿಗೆಗಳು ಬಂದುವು. ಪೆಟ್ಟಿಗೆಗೆ ಬೀಗದ ಕೈಯನ್ನು ಹಾಕಿ ತಿರುಗಿಸಿದರೆ ಕಥೆ ಕೇಳಿಸುತ್ತಿತ್ತು. ಈ ಉಪಾಯ ಮೃಗಾಲಯಗಳಿಗೂ ಹಬ್ಬಿತು. ಫಿಲಡೆಲ್ಫಿಯಾದಲ್ಲಿ 1960ರ ದಶಕದ ಮಕ್ಕಳು ಆನೆಯ ಆಕಾರದ ಕೀಲಿಕೈಯೊಂದನ್ನು ಹಿಡಿದು ಪಂಜರದಿಂದ ಪಂಜರಕ್ಕೆ ಓಡಾಡಿದರು. ಕೇಳಬೇಕೋ ಬೇಡವೋ ಎಂಬ ಅಧಿಕಾರ ಸಂದರ್ಶಕನ ಕೈಗೆ ಬಂದುದು ಹೀಗೆ.

ಆಮೇಲಿನ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹೆಗಲಿಗೆ ತೂಗುಹಾಕುವ ಟೇಪ್ ಯಂತ್ರ, 1979ರಲ್ಲಿ ಬಂದ ವಾಕ್‌ಮನ್, ಅಂಕಿಯನ್ನು ಒತ್ತಿದರೆ ಬೇಕಾದ ಭಾಗವನ್ನು ನುಡಿಯುವ ಯಂತ್ರ ಇವುಗಳನ್ನು ದಾಟಿ, ಈಗ ಫಲಕದ ಮೇಲಿನ ಕ್ಯೂಆರ್ ಸಂಕೇತವನ್ನು ಮೊಬೈಲು ಓದಿ ನುಡಿಯುವಲ್ಲಿಗೆ ಬಂದಿದೆ. ಮೈಸೂರು ಅರಮನೆಯ ಸಂದರ್ಶಕರಿಗೆ ಹಲವು ಭಾಷೆಗಳ ಧ್ವನಿಯಂತ್ರವನ್ನು ಒದಗಿಸಿದುದರಿಂದ ನಮ್ಮ ನಾಡಿನವರಿಗೂ ಈ ಪದ್ಧತಿಯ ಪರಿಚಯವಾಗಿದೆ.

ಮೈಸೂರಿನ ನಿದರ್ಶನ

ಅರಮನೆಗೆ ಸಮೀಪದಲ್ಲಿಯೇ ಇರುವ ಶ್ರೀ ಚಾಮರಾಜೇಂದ್ರ ಮೃಗಾಲಯವು ಕರ್ಣಾಟಕದ ಮೃಗಾಲಯಗಳಲ್ಲಿ ಪ್ರಸಿದ್ಧವಾದುದು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ 1892ರಲ್ಲಿ ಸುಮಾರು 10 ಎಕರೆಗಳ ಆವರಣದಲ್ಲಿ ಆರಂಭವಾದ ಇದನ್ನು ಮೊದಲು ಅರಮನೆಯ ಮೃಗಾಲಯವೆಂದೇ ಕರೆಯುತ್ತಿದ್ದರು. 1909ರಲ್ಲಿ ಈಗಿನ ಹೆಸರು ಬಂತು. ಉದ್ಯಾನದ ವಿನ್ಯಾಸದಲ್ಲಿ ಕ್ರುಂಬಿಗಲ್ಲರ ಕೈವಾಡವಿದೆ. 1948ರಲ್ಲಿ ಇದು ಅರಮನೆಯಿಂದ ಸರ್ಕಾರದ ವಶಕ್ಕೆ ಬಂದು, 1972ರಲ್ಲಿ ಅರಣ್ಯ ಇಲಾಖೆಗೆ ಸೇರಿ, 1979ರಲ್ಲಿ ರಚಿತವಾದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಒಳಪಟ್ಟಿತು. ಈಗ ಕಾರಂಜಿ ಕೆರೆಯ ಪ್ರದೇಶವೂ ಸೇರಿದಂತೆ ಅದರ ವಿಸ್ತಾರ ಸುಮಾರು 157 ಎಕರೆ. ಒಳಗಿನ ನಡಿಗೆಯ ದಾರಿ ಸುಮಾರು 3 ಕಿಲೋಮೀಟರು.

ಇಷ್ಟು ದೊಡ್ಡ ಸ್ಥಳದಲ್ಲಿ ಸಂದರ್ಶಕನಿಗೆ ಎರಡು ತೊಂದರೆಗಳುಂಟು. ಮೊದಲನೆಯದು ದಣಿವು: ಆರಂಭದ ಪಂಜರಗಳ ಫಲಕವನ್ನು ಸಾವಧಾನವಾಗಿ ಓದುವವನು ಕೊನೆಯ ಭಾಗದಲ್ಲಿ ಪ್ರಾಣಿಯ ಹೆಸರನ್ನು ಸಹ ನೋಡದೆ ನಡೆಯುತ್ತಾನೆ. ಎರಡನೆಯದು ಕಣ್ಣಿನ ಹಂಚಿಕೆ: ಫಲಕವನ್ನು ಓದುವಾಗ ಪ್ರಾಣಿಯನ್ನು ನೋಡಲಾಗದು, ಪ್ರಾಣಿಯನ್ನು ನೋಡುವಾಗ ಫಲಕವನ್ನು ಓದಲಾಗದು. ಧ್ವನಿಮಾರ್ಗದರ್ಶಿಯು ಕಣ್ಣನ್ನು ಪ್ರಾಣಿಗೇ ಬಿಟ್ಟುಕೊಡುತ್ತದೆ. ಓದಲು ಬಾರದ ಅಜ್ಜಿಗೂ, ದೃಷ್ಟಿಯಿಲ್ಲದ ವಿದ್ಯಾರ್ಥಿಗೂ ಅದು ಸಮಾನವಾಗಿ ಸಲ್ಲುತ್ತದೆ. ಇದು ಅದರ ಅತ್ಯಂತ ದೊಡ್ಡ ಗುಣವೆಂದು ಹೇಳಬಹುದು.

ಕಿವಿಯನ್ನು ಯಾವಾಗ ತೆರೆದಿಡಬೇಕು

ಆದರೆ ಗುಣದ ಜೊತೆಯಲ್ಲಿಯೇ ದೋಷವೂ ಇದೆ. ಮಾರ್ಗದರ್ಶಿಯ ಮಾತು ತುಂಬಿದ ಕಿವಿಗೆ ಪ್ರಾಣಿಯ ಮಾತು ಕೇಳಿಸುವುದಿಲ್ಲ. ಹೂಲಾಕ್ ಗಿಬ್ಬನ್ ಎಂಬ ಬಾಲವಿಲ್ಲದ ವಾನರದ ಗಂಡುಹೆಣ್ಣುಗಳು ಜೊತೆಗೂಡಿ ಹಾಡುತ್ತವೆ. ಅದರ ವರ್ಣನೆಯನ್ನು ಕೇಳುತ್ತ ಅದರ ಹಾಡನ್ನೇ ಕಳೆದುಕೊಳ್ಳುವುದು ಹಾಸ್ಯಾಸ್ಪದವಾದೀತು. ನಮ್ಮ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ; ಆ ಸಂದಿನಿಂದ ಅದು ಗೆದ್ದಲನ್ನು ಹೀರುವ ಸದ್ದು ನೂರು ಮೀಟರಿಗೂ ಮೀರಿ ಕೇಳಿಸುತ್ತದೆ. ಇದನ್ನು ಎಷ್ಟು ಚೆನ್ನಾಗಿ ವಿವರಿಸಿದರೂ ಆ ಸದ್ದಿಗೆ ಸಮನಾಗದು.

ಮೃಗಾಲಯದಲ್ಲಿ ಸುಮ್ಮನೆ ಕೇಳುತ್ತ ನಿಂತುದರಿಂದಲೇ ವಿಜ್ಞಾನಕ್ಕೆ ಲಾಭವಾದ ಉದಾಹರಣೆಗಳೂ ಇವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಆನೆಗಳ ಬಳಿ ಕುಳಿತಿದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯಲ್ಲಿ ಏನೋ ಮಿಡಿಯುತ್ತಿರುವಂತೆ ಅನುಭವವಾಯಿತು. ಯಂತ್ರಗಳಿಂದ ಪರೀಕ್ಷಿಸಿದಾಗ, ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿದ ಧ್ವನಿಯಲ್ಲಿ ಆನೆಗಳು ಒಂದನ್ನೊಂದು ಕರೆಯುತ್ತವೆಂಬುದು ಸಿದ್ಧವಾಯಿತು. ಮೂಕಪ್ರಾಣಿಯೆಂದೇ ಬಹುಮಂದಿ ನಂಬಿದ್ದ ಜಿರಾಫೆಯು ರಾತ್ರಿಯಲ್ಲಿ ಗುಂಯ್ಗುಡುವ ತಗ್ಗುದನಿಯನ್ನು ಹೊರಡಿಸುತ್ತದೆಂದು 2015ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಅದಕ್ಕೆ ಆಧಾರವಾದ ಧ್ವನಿಮುದ್ರಣ ನಡೆದುದೂ ಯುರೋಪಿನ ಮೃಗಾಲಯಗಳಲ್ಲಿಯೇ.

ಆದಕಾರಣ ಉಪಯೋಗಕ್ರಮವು ಹೀಗಿರತಕ್ಕದ್ದು. ಪಂಜರಕ್ಕೆ ಬರುವ ಮುಂಚೆ, ನಡೆಯುತ್ತಿರುವಾಗಲೇ, ಏನನ್ನು ಗಮನಿಸಬೇಕೆಂಬ ಒಂದೆರಡು ಮಾತನ್ನು ಕೇಳಬೇಕು. ಪ್ರಾಣಿಯ ಮುಂದೆ ನಿಂತಾಗ ಯಂತ್ರವನ್ನು ನಿಲ್ಲಿಸಿ ಎರಡು ಮೂರು ನಿಮಿಷ ಸುಮ್ಮನೆ ನೋಡಬೇಕು, ಕೇಳಬೇಕು. ಉಳಿದ ವಿವರಣೆಯನ್ನು ಅಲ್ಲಿಂದ ಸರಿದ ಮೇಲೆ ನೆರಳಿನಲ್ಲಿ ಕುಳಿತು ಕೇಳಬೇಕು. ಇರುವ ಭಾಗಗಳನ್ನೆಲ್ಲ ಮುಗಿಸಲೇಬೇಕೆಂಬ ಹಟ ಬೇಡ. ಹತ್ತು ಹನ್ನೆರಡು ಪ್ರಾಣಿಗಳನ್ನು ಮೊದಲೇ ಆರಿಸಿಕೊಂಡು ಹೋಗುವುದು ಲೇಸು. ಒಂದು ಕಿವಿಯನ್ನು ಸದಾ ತೆರೆದಿಟ್ಟರೆ ಜೊತೆಯವರ ಕರೆಯೂ ಕಾವಲುಗಾರರ ಎಚ್ಚರಿಕೆಯೂ ಕೇಳಿಸುವುವು. ಮೊಬೈಲಿನ ಧ್ವನಿಯನ್ನು ಎಲ್ಲರಿಗೂ ಕೇಳುವಂತೆ ಹಾಕುವುದು ಮಾತ್ರ ಸರ್ವಥಾ ಸಲ್ಲದು. ಅದರಿಂದ ಪ್ರಾಣಿಗಳಿಗೂ ಇತರ ಸಂದರ್ಶಕರಿಗೂ ಉಪದ್ರವವುಂಟಾಗುತ್ತದೆ.

ಧ್ವನಿಯೂ ಒಂದು ಆಕರ

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಇನ್ನೂ ಒಂದು ಮಾತನ್ನು ಸೇರಿಸಬೇಕಾಗುತ್ತದೆ. ಶಾಸನವಾಗಲಿ ಬಖೈರಾಗಲಿ ಕೈಗೆ ಬಂದಾಗ, ಇದನ್ನು ಯಾರು, ಯಾವಾಗ, ಯಾರಿಗಾಗಿ ಬರೆಸಿದರು ಎಂದು ನಾವು ಕೇಳುತ್ತೇವೆ. ಕಿವಿಯೊಳಗೆ ನಯವಾಗಿ ನುಡಿಯುವ ಧ್ವನಿಯನ್ನು ಮಾತ್ರ ಹಾಗೆ ಪ್ರಶ್ನಿಸುವುದಿಲ್ಲ. ಮೈಸೂರಿನ ಗೊರಿಲ್ಲಗಳ ವಿಷಯವನ್ನೇ ತೆಗೆದುಕೊಳ್ಳೋಣ. ಜನಪ್ರಿಯವಾಗಿದ್ದ ಪೋಲೋ ಎಂಬ ಗೊರಿಲ್ಲ 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಗಳು ಬಂದುವು. 2013ರಲ್ಲಿ ಮುದ್ರಿಸಿದ ವಿವರಣೆಯಿದ್ದರೆ ಅದು ಮರುವರ್ಷವೇ ಸುಳ್ಳಾಗುತ್ತಿತ್ತು. ಇಲ್ಲಿ ಗೊರಿಲ್ಲವಿಲ್ಲವೆಂದು 2015ರಲ್ಲಿ ಮುದ್ರಿಸಿದ್ದರೆ ಅದೂ ಆರು ವರ್ಷಗಳಲ್ಲಿ ಸುಳ್ಳಾಗುತ್ತಿತ್ತು. ಆದ್ದರಿಂದ ಧ್ವನಿಮಾರ್ಗದರ್ಶಿಯ ಪ್ರತಿಯೊಂದು ಭಾಗದಲ್ಲಿಯೂ ಅದು ಮುದ್ರಿತವಾದ ತಿಂಗಳು, ವರ್ಷಗಳನ್ನು ಹೇಳುವುದು ಅವಶ್ಯಕ. ಕೇಳುವವನು ಅದನ್ನು ಫಲಕದೊಡನೆಯೂ ಎದುರಿಗಿರುವ ಪ್ರಾಣಿಯೊಡನೆಯೂ ಹೋಲಿಸಿ ನೋಡಬೇಕು.

ಇನ್ನು, ಧ್ವನಿಯು ಏನನ್ನು ಹೇಳುತ್ತದೆ ಎಂಬುದರಷ್ಟೇ ಏನನ್ನು ಬಿಡುತ್ತದೆ ಎಂಬುದೂ ಮುಖ್ಯ. ಈ ವಿಷಯದಲ್ಲಿ ಈ ಲೇಖಕನಿಂದಲೇ ಆದ ತಪ್ಪೊಂದನ್ನು ಇಲ್ಲಿ ನಿವೇದಿಸುವುದು ಉಚಿತ. ತಳಕಲ್ ಸುತ್ತಿನ ವಿದ್ಯಾರ್ಥಿಗಳೊಡನೆ ಮೈಸೂರಿಗೆ ಹೋಗುವ ಮುನ್ನ, ಹನ್ನೆರಡು ಪ್ರಾಣಿಗಳನ್ನು ಕುರಿತು ವಿವರಣೆಯನ್ನು ಬರೆದು, ತಮ್ಮ ಮೊಬೈಲುಗಳಲ್ಲಿಯೇ ಮುದ್ರಿಸಿಕೊಳ್ಳುವಂತೆ ಅವರಿಗೆ ಹೇಳಿದ್ದೆನು. ತೋಳದ ಭಾಗವು ಕುರಿಗಾಹಿ ಮನೆತನದ ಹುಡುಗನೊಬ್ಬನ ಪಾಲಿಗೆ ಬಂದಿತು. ತೋಳ ಬಂದ ರಾತ್ರಿ ಹಟ್ಟಿಯ ನಾಯಿಗಳು ಬೊಗಳುವ ಬಗೆಯೇ ಬೇರೆಯೆಂದೂ, ಆ ಬೊಗಳುವಿಕೆಯಿಂದಲೇ ತನ್ನ ಅಜ್ಜನು ತೋಳ ಯಾವ ದಿಕ್ಕಿನಲ್ಲಿದೆಯೆಂದು ಹೇಳುತ್ತಿದ್ದನೆಂದೂ ಅವನು ಬರೆದಿದ್ದನು. ಇದು ಶಾಸ್ತ್ರೀಯವಲ್ಲವೆಂದು ನಾನು ಆ ವಾಕ್ಯಗಳನ್ನು ಹೊಡೆದುಹಾಕಿ, ಪುಸ್ತಕದಲ್ಲಿದ್ದ ಲಕ್ಷಣಗಳನ್ನು ಬರೆಯಿಸಿದೆನು.

ಮೈಸೂರಿನಲ್ಲಿ ತೋಳದ ಆವರಣದ ಮುಂದೆ ನಿಂತಾಗ ವಿದ್ಯಾರ್ಥಿಗಳು ಆ ಮುದ್ರಣವನ್ನು ಅರ್ಧಕ್ಕೇ ನಿಲ್ಲಿಸಿದರು. ಹುಡುಗನು ತನ್ನ ಅಜ್ಜನ ಮಾತನ್ನು ತನ್ನ ನುಡಿಯಲ್ಲಿಯೇ ಹೇಳತೊಡಗಿದ್ದನು. ಉಳಿದವರು ಕಿವಿಯಂತ್ರಗಳನ್ನು ತೆಗೆದು ಕೇಳುತ್ತಿದ್ದರು. ತೋಳವು ದಟ್ಟಡವಿಗಿಂತ ಹೆಚ್ಚಾಗಿ ಬಯಲುಸೀಮೆಯ ಹುಲ್ಲುಗಾವಲಿನ ಪ್ರಾಣಿ. ಕುರಿಗಾಹಿಗಳ ದಾರಿಯೇ ಅದರ ದಾರಿ. ಅದನ್ನು ಬಲ್ಲವರು ನಮ್ಮ ಜಿಲ್ಲೆಯಲ್ಲಿಯೇ ಇದ್ದಾರೆ. ಅವರ ಅರಿವು ಯಾವ ಫಲಕದ ಮೇಲೆಯೂ ಇಲ್ಲ. ಹಟ್ಟಿಯನ್ನು ಬಿಟ್ಟು ಕಾಲೇಜಿಗೆ ಬಂದ ಮಕ್ಕಳೊಡನೆ ಅದು ಮುಗಿದುಹೋಗುವ ಸಂಭವವೂ ಇದೆ. ಅದನ್ನು ಉಳಿಸಬಹುದಾಗಿದ್ದ ಎರಡು ವಾಕ್ಯಗಳನ್ನು ಅಳಿಸಿದವನು ಅಧ್ಯಾಪಕನೇ ಆಗಿದ್ದನು.

ಹಿಂದಿರುಗಿದ ಮೇಲೆ ಆ ಭಾಗವನ್ನು ಹೊಸದಾಗಿ ಮುದ್ರಿಸಿದೆವು. ಪುಸ್ತಕದಿಂದ ತಿಳಿದುದನ್ನು ಪುಸ್ತಕದ್ದೆಂದೂ, ಅಜ್ಜನಿಂದ ತಿಳಿದುದನ್ನು ಅಜ್ಜನದೆಂದೂ ಬೇರೆಬೇರೆಯಾಗಿ ಹೇಳುವುದು ಅದರಲ್ಲಿ ಅನುಸರಿಸಿದ ನಿಯಮ. ಎರಡನ್ನೂ ಬೆರೆಸಬಾರದು, ಒಂದಕ್ಕಾಗಿ ಇನ್ನೊಂದನ್ನು ಬಿಡಲೂಬಾರದು. ಕೃಷ್ಣಮೃಗದ ಭಾಗದಲ್ಲಿ ನಮ್ಮ ಕಡೆಯ ‘ಚಿಗರಿ’ ಎಂಬ ಹೆಸರನ್ನೂ ಸೇರಿಸಿದೆವು. ಒಂದೊಂದು ಭಾಗವು ಒಂದೂವರೆ ನಿಮಿಷವನ್ನು ಮೀರದಂತೆ ನೋಡಿಕೊಂಡೆವು. ಅದಕ್ಕೆ ಮೀರಿದಾಗ ಕೇಳುವವರ ಗಮನ ಚದುರುತ್ತಿದ್ದುದನ್ನು ಮೊದಲ ಪ್ರವಾಸದಲ್ಲಿಯೇ ಕಂಡಿದ್ದೆವು.

ನಮ್ಮ ಸೀಮೆಯಲ್ಲಿ ಮಾಡಬಹುದಾದ ಕಾರ್ಯ

ಈ ಪ್ರಯೋಗಕ್ಕೆ ಪ್ರತಿಸಲವೂ ಮೈಸೂರಿನವರೆಗೆ ಹೋಗಬೇಕಾದುದಿಲ್ಲ. ತಳಕಲ್ಲಿನಿಂದ ಕೊಪ್ಪಳದ ಮೇಲೆ ರೈಲಿನಲ್ಲಿ ಹೊಸಪೇಟೆಯನ್ನು ಸೇರಿದರೆ ಕಮಲಾಪುರವು ಹತ್ತಿರದಲ್ಲಿಯೇ ಇದೆ. ಅಲ್ಲಿ 2017ರಲ್ಲಿ ಸಫಾರಿಯೊಡನೆ ಜನರಿಗೆ ತೆರೆದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವು ಸುಮಾರು 149 ಹೆಕ್ಟೇರುಗಳಷ್ಟು ವಿಶಾಲವಾಗಿದೆ. ಪ್ರಾಣಿಗಳು ಚುರುಕಾಗಿರುವ ಬೆಳಗಿನ ಹೊತ್ತನ್ನು ಅಲ್ಲಿ ಕಳೆದು, ಮಧ್ಯಾಹ್ನದ ಮೇಲೆ ಹಂಪೆಯ ಮಹಾನವಮಿ ದಿಬ್ಬಕ್ಕೆ ಹೋದರೆ, ಆನೆ, ಕುದುರೆ, ಒಂಟೆಗಳನ್ನೂ ಬೇಟೆಯ ದೃಶ್ಯಗಳನ್ನೂ ಕಲ್ಲಿನಲ್ಲಿ ಕಾಣಬಹುದು. ಜೀವಂತ ಪ್ರಾಣಿಯನ್ನು ಕಂಡ ಕಣ್ಣಿಗೆ ಶಿಲ್ಪಿಯು ಎಷ್ಟನ್ನು ಗಮನಿಸಿದ್ದನೆಂಬುದು ಆಗ ತಿಳಿಯುತ್ತದೆ. ಸಮೀಪದಲ್ಲಿಯೇ 1994ರಲ್ಲಿ ಸ್ಥಾಪಿತವಾದ ದರೋಜಿಯ ಕರಡಿಧಾಮವಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಮೀಸಲಾದ ವನ್ಯಧಾಮವಿದೆ. ಪ್ರಾಣಿಶಾಸ್ತ್ರ, ಇತಿಹಾಸ, ಕನ್ನಡ ಈ ಮೂರು ವಿಭಾಗಗಳು ಕೂಡಿ ಈ ಸ್ಥಳಗಳಿಗೆಲ್ಲ ಒಂದೇ ಧ್ವನಿಮಾರ್ಗದರ್ಶಿಯನ್ನು ರಚಿಸಬಹುದು. ಅದಕ್ಕೆ ಬೇಕಾದ ಯಂತ್ರವು ಬಹುತೇಕ ವಿದ್ಯಾರ್ಥಿಗಳ ಜೇಬಿನಲ್ಲಿಯೇ ಇದೆ.

ಸಾರಾಂಶವೇನೆಂದರೆ, ಧ್ವನಿಮಾರ್ಗದರ್ಶಿಯು ಉತ್ತಮ ಸೇವಕ. ಅದನ್ನು ಗುರುವಾಗಿ ಮಾಡಿಕೊಳ್ಳಬಾರದು. ಅದು ಕಣ್ಣಿಗೆ ಬಿಡುವನ್ನು ಕೊಡುತ್ತದೆ, ಅಕ್ಷರವಿಲ್ಲದವರಿಗೆ ಬಾಗಿಲನ್ನು ತೆರೆಯುತ್ತದೆ. ಆದರೆ ಅದರ ಮಾತಿಗೂ ಕಾಲವುಂಟು, ಕರ್ತೃವುಂಟು, ಮೌನವುಂಟು. ಕಾಲವನ್ನು ಕೇಳಿ ತಿಳಿದು, ಕರ್ತೃವನ್ನು ಪರೀಕ್ಷಿಸಿ, ಮೌನವಿರುವಲ್ಲಿ ನಮ್ಮ ಹಿರಿಯರ ಮಾತನ್ನು ತುಂಬುವುದು ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಕೆಲಸ. ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಿದ ತೋಳದ ಭಾಗವು ಈಗ ಆ ಅಜ್ಜನ ಧ್ವನಿಯಿಂದಲೇ ಆರಂಭವಾಗುತ್ತದೆ.