ದೀಪ ಇಲ್ಲದ ಊರಿನ ದೆವ್ವ

ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸೋ ಕಾಲದಲ್ಲಿ ಒಮ್ಮೆ ಹೋಗಿ ನೋಡಿ. ಬ್ಯಾರನ್ ಒಲೆಗೆ ಸೌದೆ ಒಟ್ಟುತ್ತಾ ರಾತ್ರಿಯೆಲ್ಲ ಒಬ್ಬರಾದ್ರೂ ಎದ್ದಿರಲೇಬೇಕು. ಬಿಸಿ ಏರುಪೇರಾದ್ರೆ ಸೊಪ್ಪು ಹಾಳು. ನಿದ್ದೆ ಓಡಿಸೋಕೆ ದೆವ್ವದ ಕಥೆ. ನಾನೂ ಬೇಕಾದಷ್ಟು ಕೇಳಿದ್ದೀನಿ. ಹಾಳೂರ ದಾರೀಲಿ ಒನಕೆ ಸದ್ದಂತೆ, ಯಾರೂ ಇಲ್ಲದ ಕಡೆ ದೀಪ ಉರಿಯುತ್ತಂತೆ. ನನ್ನ ಪ್ರಶ್ನೆ ಒಂದೇ: ಇಡೀ ಸೀಮೇಲಿ ದೆವ್ವಕ್ಕೆ ಅದೇ ಜಾಗ ಯಾಕೆ ಬೇಕಿತ್ತು?

ಉತ್ತರ ಮಂತ್ರವಾದಿ ಹತ್ರ ಇಲ್ಲ ಸ್ವಾಮಿ, ತಾಲ್ಲೂಕು ಕಚೇರೀಲಿದೆ. ಕಂದಾಯ ದಾಖಲೆಯಲ್ಲಿ ‘ಬೇಚರಾಕ್ ಗ್ರಾಮ’ ಅಂತ ಒಂದು ಮಾತಿದೆ. ಪರ್ಷಿಯನ್ನಿನ ಬೇ-ಚಿರಾಗ್, ಅಂದ್ರೆ ದೀಪ ಇಲ್ಲದ್ದು. ಗಡಿ ಇರುತ್ತೆ, ಸರ್ವೆ ನಂಬರ್ ಇರುತ್ತೆ, ಜನ ಇರಲ್ಲ. ದೀಪ ಇಲ್ಲ ಅಂತ ಸರ್ಕಾರ ಬರ್ಕೊಂಡಿರೋ ಕಡೆಯೇ ದೀಪ ಕಾಣುತ್ತೆ ಅಂತಾರೆ ಜನ!

ಆ ಜನ ಎಲ್ಲಿಗೆ ಹೋದ್ರು? 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗ್ ಬಂತು. ಇಲಿ ಬಿದ್ದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕ್ಕೊಳ್ಳೋದು ರೂಢಿಯಾಯ್ತು. ಕಾಡಂಚಿನಲ್ಲಿ ಮಲೇರಿಯಾ ಬೇರೆ. ‘ಆ ಕಡೆ ಹೋಗಬೇಡ, ದೆವ್ವ ಇದೆ’ ಅಂದ ಅಜ್ಜಿ, ಸೋಂಕಿನ ಮನೆಯಿಂದ ಮಗೂನ ದೂರ ಇಟ್ಟಳು ಅಂತ ನನ್ನ ಲೆಕ್ಕ.

ಪಿರಿಯಾಪಟ್ಟಣದ ಕೋಟೆಯದ್ದು ಇನ್ನೂ ಹಳೇದು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಸೇನೆ ಮುತ್ತಿದಾಗ, ಗೆಲುವಿಲ್ಲ ಅಂತ ಗೊತ್ತಾಗಿ ಅಲ್ಲಿನ ಅರಸ ವೀರರಾಜ ಹೆಂಡತಿ ಮಕ್ಕಳನ್ನ ತಾನೇ ಕೊಂದು, ಆಮೇಲೆ ಕಾದಾಡಿ ಸತ್ತ ಅಂತ ಮೈಸೂರು ಗೆಜೆಟಿಯರ್ ಹೇಳುತ್ತೆ. ಅಂಥ ಕೋಟೆ ಹತ್ರ ಹೆಂಗಸಿನ ಅಳು ಕೇಳುತ್ತೆ ಅಂತ ಯಾರಾದ್ರೂ ಅಂದ್ರೆ ನಗೋಕೆ ನನಗೆ ಮನಸ್ಸು ಬರಲ್ಲ.

ಕೆ.ಆರ್. ನಗರದಲ್ಲಿ ಹಾಗಾಗಲಿಲ್ಲ. ಎಡತೊರೆಗೆ ಕಾವೇರಿ ಪ್ರವಾಹ ನುಗ್ಗಿದ ಮೇಲೆ ಪಕ್ಕದಲ್ಲೇ ಹೊಸ ಊರು ಕಟ್ಟಿ ನಾಲ್ವಡಿಯವರ ಹೆಸರಿಟ್ಟರು. ಹಳೆ ಊರಿನ ಅರ್ಕೇಶ್ವರನಿಗೆ ಇವತ್ತೂ ದೀಪ ಹಚ್ಚೋರಿದ್ದಾರೆ.

ಎಚ್.ಡಿ. ಕೋಟೆಗೆ ಬನ್ನಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಹಳ್ಳಿಗಳು ನೀರಿಗೆ ಹೋದವು. ಅದರಲ್ಲಿ ಹಳೆ ಕಿತ್ತೂರೂ ಒಂದು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ ಅದೇ. ಎರಡನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ, ರತ್ನ ಸಿಗೋ ನಾಡು ಅಂತ ಪುನ್ನಾಟದ ಹೆಸರು ಬರೆದಿಟ್ಟಿದ್ದಾನೆ. ಬೇಸಿಗೇಲಿ ನೀರು ಇಳಿದ್ರೆ ಗುಡಿ ಕಾಣುತ್ತೆ. ‘ನಿಗೂಢ ದೇಗುಲ’ ಅಂತ ನಾವು ಟಿವಿಯವರು ಕ್ಯಾಮೆರಾ ಹಿಡ್ಕೊಂಡು ಓಡ್ತೀವಿ. ಅಲ್ಲಿ ಕಾಯಿ ಒಡೆಸಿದ್ದೋರೇ ಇನ್ನೂ ಬದುಕಿರುವಾಗ ನಿಗೂಢ ಎಲ್ಲಿಂದ ಬಂತು?

ಇನ್ನು ಕಾಡು. ಜೇನು ಕುರುಬರು, ಬೆಟ್ಟ ಕುರುಬರು, ಯರವರ ಹಾಡಿಗಳನ್ನ ಒಮ್ಮೆ ಅಣೆಕಟ್ಟಿಗೆ, ಇನ್ನೊಮ್ಮೆ ಹುಲಿಗೆ ಅಂತ ಖಾಲಿ ಮಾಡಿಸಿದ್ರು. ಜೇನು ಕುರುಬರಿಗೆ ಸತ್ತ ಹಿರಿಯರು ದೆವ್ವ ಅಲ್ಲ, ಕಾಡಲ್ಲೇ ಇದ್ದು ಕಾಯೋರು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮ ನೋಡಿ: ಹಕ್ಕು ಕೇಳೋಕೆ ಬಾವಿ, ಸ್ಮಶಾನ, ಪೂಜೆಯ ಜಾಗ ಎಲ್ಲವೂ ಪುರಾವೆ. ಹಿರಿಯರು ಹೇಳಿ ಬರೆಸಿದ ಮಾತೂ ಪುರಾವೆ. ನಾವು ‘ದೆವ್ವ ಇದೆ’ ಅಂತ ದಾಟಿ ಹೋಗೋ ಗುಂಡಿ ಅವರ ಪಾಲಿಗೆ ಹಕ್ಕುಪತ್ರದ ಸಾಕ್ಷಿ. ಅದನ್ನ ಬೊಟ್ಟು ಮಾಡಿ, ಇಲ್ಲಿ ಮಲಗಿರೋನು ಇಂಥೋನು ಅಂತ ಹೆಸರು ಹೇಳಬಲ್ಲ ಅಜ್ಜಂದಿರಿಗೆ ವಯಸ್ಸಾಗಿದೆ. ಬರ್ಕೊಳ್ಳೋಕೆ ಹೋಗೋರು ಯಾವಾಗ ಹೋಗ್ತಾರೆ?